ಕೌದಿಯೊಳಗೆ ಸಿಕ್ಕಿಬಿದ್ದ ಒಂಬತ್ತನೇ ಅಧ್ಯಾಯ

ಕೌದಿ ಚರಕ್ ಎಂದಿತು.

ಜ್ಯೂಲಿ ಅದರ ನಡುವಿನಲ್ಲಿ ಅಂಗೈ ಇಟ್ಟು ಮತ್ತೊಮ್ಮೆ ಒತ್ತಿದಳು. ಚರಕ್!

"ಅಜ್ಜೀ, ಇದರೊಳಗ ಏನ ಐತಿ?"

"ಏನ ಇರ್ತೈತಿ? ನಮ್ಮವ್ವನ ಸೀರಿ, ನಿನ್ನ ಹಳೇ ಲಂಗ, ನಿಮ್ಮಜ್ಜನ ಅಂಗಿ," ಎಂದಳು ಮಾಗ್ದಲೀನಾ ಅಜ್ಜಿ. ಅವಳು ಬಾಗಿಲ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದಳು. "ನಡುವ ಹೊಲಿಯೂ ಮುಂದ ಸೂಜಿ ಸ್ವಲ್ಪ ಬಿರುಸ ಹೋತು. ಸೀರಿಗೆ ಗಂಜಿ ಹಾಕಿದ್ದಿರಬೇಕು ಅನ್ಕೊಂಡೆ."

ಗಂಜಿ ಹಾಕಿದ ಸೀರೆ ಹೀಗೆ ಸದ್ದು ಮಾಡುವುದಿಲ್ಲ. ಕಾಗದ ಮಾಡುತ್ತದೆ.

"ಅಜ್ಜೀ... ನನ್ನ ಒಂಬತ್ತನೇ ಅಧ್ಯಾಯ!"

ಮೊನ್ನೆ ತಮ್ಮ ಅಂತೋನಿ ಸಿಕ್ಕ ಸಿಕ್ಕ ಕಾಗದವನ್ನೆಲ್ಲ ರಾಕೆಟ್ ಮಾಡಿ ಹಾರಿಸುತ್ತಿದ್ದ. ಅವನ ಕೈಗೆ ಸಿಗಬಾರದೆಂದು ಜ್ಯೂಲಿ ತನ್ನ ಹಾಳೆಗಳನ್ನು ಕೌದಿಯ ಪದರದೊಳಗೆ ತಳ್ಳಿದ್ದಳು. ಅಷ್ಟರಲ್ಲಿ ಅವ್ವ ನೀರಿಗೆ ಕರೆದಳು. ಹೋದವಳು ಮರೆತೇಬಿಟ್ಟಳು. ಅಜ್ಜಿ ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾಳೆ. ಆಗ ನಡುವಿನ ತುಂಡಿನ ಒಂದು ಬದಿ ತೆರೆದೇ ಇತ್ತು. ಈಗ ಮುಚ್ಚಿಹೋಗಿತ್ತು.

ಅದು ಜ್ಯೂಲಿಯ ಪುಸ್ತಕವಲ್ಲ, ಶಾಲೆಯದು. ಎಂಟನೇ ಕ್ಲಾಸಿನ ವಿದ್ಯಾವತಿ ಟೀಚರ್‌ಗೆ ಲೈಬ್ರರಿಯ ಅಟ್ಟದಲ್ಲಿ ಒಂದು ಹಳೇ ಕಾದಂಬರಿ ಸಿಕ್ಕಿತ್ತು. ಒಂದೇ ಪ್ರತಿ. ಅದೂ ಬೈಂಡಿಂಗ್ ಕಿತ್ತು ಹಾಳೆಗಳೆಲ್ಲ ಸಡಿಲ. "ಚಲೋನ ಆತು," ಎಂದು ಟೀಚರ್ ಅಧ್ಯಾಯಕ್ಕೊಂದು ದಾರ ಕಟ್ಟಿ ಒಬ್ಬೊಬ್ಬರಿಗೆ ಒಂದೊಂದು ಹಂಚಿದರು. ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ತೋರಿಸಬೇಕು. ತಮ್ಮ ಸರದಿಯ ಶನಿವಾರ ಕ್ಲಾಸಿಗೆಲ್ಲ ಕತೆಯಾಗಿ ಹೇಳಬೇಕು. ಅಲ್ಲಿಯವರೆಗೆ ಬಾಯಿ ಬಿಡುವ ಹಾಗಿಲ್ಲ.

ಹೋದ ಶನಿವಾರ ಎಂಟನೇ ಅಧ್ಯಾಯವನ್ನು ಉಳವಪ್ಪ ಹೇಳಿದ್ದ. ಅಣ್ಣ ಮನೆಯಿಂದ ಹೊರಹಾಕಿದ ನೀಲವ್ವ ಹೊಳೆಯ ದಂಡೆಗೆ ಬರುತ್ತಾಳೆ. ಕತ್ತಲು, ಮಳೆ. ಅಂಬಿಗ ಅವಳ ಮುಖ ನೋಡಿ, "ದೋಣಿ ಇಲ್ಲ," ಅನ್ನುತ್ತಾನೆ. ಅಷ್ಟೇ. ಉಳವಪ್ಪ ಹೋಗಿ ಕುಳಿತುಬಿಟ್ಟ.

"ಮುಂದ ಹೇಳಲೇ!" ಎಂದು ಎಲ್ಲರೂ ಕೂಗಿದರು.

"ನನಗೇನ ಗೊತ್ತ? ಮುಂದಿಂದು ಜ್ಯೂಲಿ ಹತ್ರ ಐತಿ!"

ಎಲ್ಲರೂ ತಿರುಗಿ ಅವಳನ್ನೇ ನೋಡಿದರು. ಅಲ್ಲಿಯವರೆಗೆ ಜ್ಯೂಲಿಯನ್ನು ಕ್ಲಾಸಿನಲ್ಲಿ ಯಾರೂ ಹಾಗೆ ನೋಡಿರಲಿಲ್ಲ. ಅವಳು ಓದುವಾಗ ತಡವರಿಸುತ್ತಿದ್ದಳು. ಒತ್ತಕ್ಷರ ಬಂದಲ್ಲಿ ಎಡವುತ್ತಿದ್ದಳು. ಆದರೆ ಈ ವಾರವಿಡೀ ಅವಳ ಹಿಂದೆ ಜನವೋ ಜನ.

"ಜ್ಯೂಲಿ, ಆಕಿ ಸಾಯ್ತಾಳೇನು? ಅಷ್ಟರ ಹೇಳ. ಪೇರಲ ಕೊಡ್ತೇನಿ," ಎಂದು ಗೆಳತಿ ರುಬಿನಾ ಗೋಗರೆದಿದ್ದಳು. ಹತ್ತನೇ ಅಧ್ಯಾಯ ಅವಳದು.

"ಪೇರಲಕ್ಕ ಹೇಳೂದಿಲ್ಲ."

"ಉಪ್ಪು ಖಾರ ಹಚ್ಚಿ?"

"ಹೋಗ!" ಎಂದು ನಕ್ಕಿದ್ದಳು ಜ್ಯೂಲಿ.

ಈಗ ನಗು ಬರಲಿಲ್ಲ. ನಾಳೆಯೇ ಶನಿವಾರ. ಅಜ್ಜಿ ಕೌದಿಗೆ ತುಂಡು ಹಚ್ಚುತ್ತಿದ್ದಾಗ ಪಕ್ಕದಲ್ಲಿ ಕುಳಿತು ಒಂದು ಸಲ ಮಾತ್ರ ಓದಿ ಹೇಳಿದ್ದಳು. ಇವತ್ತು ಮತ್ತೆ ಓದಬೇಕೆಂದಿದ್ದಳು. ನಾಳೆ ಬಾಯಿ ಕಟ್ಟಿದರೆ ಕತೆಯೇ ಅಲ್ಲಿಗೆ ನಿಂತುಹೋಗುತ್ತದೆ. ಎಲ್ಲರೂ ನೋಡುತ್ತಿರುತ್ತಾರೆ.

"ಬಿಚ್ಚ ಅಜ್ಜೀ. ಬ್ಲೇಡ್ ತರ್ಲಿ?"

ಅಜ್ಜಿ ಕೌದಿಯನ್ನು ಮಡಿಲಿಗೆಳೆದು ಬಾಗಿಲ ಕಡೆ ನೋಡಿದಳು. ಹೊತ್ತು ಮುಳುಗುತ್ತಿತ್ತು. "ಬಿಚ್ಚೂಣು. ಆದ್ರ ಈಗ ಬ್ಯಾಡ. ಕತ್ತಲಾಗ ನನಗ ಕರೀ ದಾರ ಕಾಣೂದಿಲ್ಲ. ಬ್ಲೇಡ್ ಜಾರಿದ್ರ ಅರಿವೀನೂ ಹರೀತದ, ನಿನ್ನ ಹಾಳೀನೂ ಹರೀತದ. ನಾಳೆ ಬೆಳಕಿನಾಗ ಬಿಚ್ಚೂಣು."

"ನಾಳೆ ಮುಂಜಾನೇನ ಸಾಲಿ ಐತಿ!"

ಜ್ಯೂಲಿ ಅಳತೊಡಗಿದಳು. ಕೌದಿ ಚಿಕ್ಕವ್ವನ ಕೂಸಿಗೆಂದು ಹೊಲಿದದ್ದು. ಭಾನುವಾರ ಅಪ್ಪ ಅದನ್ನು ಮುಂಡಗೋಡಕ್ಕೆ ಒಯ್ಯಬೇಕು. ಇನ್ನು ಒಂದು ಮೂಲೆಗೆ ಫೂಲ ಹಚ್ಚುವುದಷ್ಟೇ ಬಾಕಿ. ಬಟ್ಟೆಯನ್ನು ಮೂಲೆ ಮೂಲೆಯಾಗಿ ಮಡಚಿ ಮಾಡುವ ಪುಟ್ಟ ಹೂವು ಅದು. ಫೂಲ ಇಲ್ಲದ ಕೌದಿ ಅಂಗಿ ಇಲ್ಲದ ಕೂಸಿನ ಹಾಗೆ ಎನ್ನುತ್ತಿದ್ದಳು ಅಜ್ಜಿ.

"ಅಳಬ್ಯಾಡ. ಇಲ್ಲಿ ಬಾ," ಎಂದು ಅಜ್ಜಿ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಒಂದು ಹಸಿರು ತುಂಡಿನ ಮೇಲೆ ಬೆರಳಿಟ್ಟಳು. "ಇದನ್ನ ಹಚ್ಚೂ ಮುಂದ ನೀ ಏನ ಓದಾಕ ಹತ್ತಿದ್ದಿ?"

ಜ್ಯೂಲಿ ಮೂಗೊರೆಸಿಕೊಂಡಳು. "ಹೊಳಿ ತುಂಬಿ ಬಂದದ್ದು."

"ಹೌದಿಲ್ಲೋ? ಈ ಕೆಂಪಂದು?"

"ಅಂಬಿಗನ ಗುಡಿಸಲದಾಗ ದೀಪ ಹಚ್ಚಿದ್ದು... ಅಲ್ಲ, ಅದು ಹಳದಿ! ಕೆಂಪಂದು ನೀಲವ್ವನ ಅಪ್ಪ ಹಿಂದಕ ಅಂಬಿಗನ ಮ್ಯಾಲ ಸುಳ್ಳ ಕಳವು ಹೊರಸಿದ್ದು. ಅದಕ್ಕ ಅಂವಗ ಸಿಟ್ಟು."

"ಹಾಂ. ಅಲ್ಲಿ ನನಗೂ ಸಿಟ್ಟು ಬಂದು ಹೊಲಿಗಿ ಸೊಟ್ಟ ಆಗೇತಿ ನೋಡ."

ನಿಜಕ್ಕೂ ಅಲ್ಲಿ ಹೊಲಿಗೆ ಸೊಟ್ಟಗಿತ್ತು. ಜ್ಯೂಲಿ ಹತ್ತಿರ ಸರಿದಳು. ತುಂಡಿನಿಂದ ತುಂಡಿಗೆ ಇಬ್ಬರ ಬೆರಳೂ ಓಡಿದವು. ಜ್ಯೂಲಿ ಮರೆತದ್ದು ಅಜ್ಜಿಗೆ ನೆನಪಿತ್ತು, ಅಜ್ಜಿ ಮರೆತದ್ದು ಜ್ಯೂಲಿಗೆ. ಕೊನೆಗೆ ನಡುವಿನ ನೀಲಿ ಗೆರೆಯ ತುಂಡಿಗೆ ಬಂದರು. ಅದು ತೀರಿಹೋದ ಅಜ್ಜನ ಅಂಗಿ.

"ಇಲ್ಲಿ ಅಂಬಿಗ ಆಕಿಗೆ ಗಂಜಿ ಕೊಡ್ತಾನ," ಎಂದಳು ಅಜ್ಜಿ.

"ಇಲ್ಲಜ್ಜೀ! ಇಬ್ರೂ ಮಾತಾಡೂದಿಲ್ಲ. ಬೆಳಕ ಹರದ ಮ್ಯಾಲ ಅಂವ ಸುಮ್ಮನ ದೋಣಿ ಬಿಚ್ತಾನ. ಅಷ್ಟ ಐತಿ ಬುಕ್ಕಿನಾಗ."

"ಮನಿಗೆ ಬಂದ ಹೆಣ್ಮಗಳನ್ನ ಉಪವಾಸ ಕಳಸ್ತಾನೇನ? ನಾ ಒಪ್ಪೂದಿಲ್ಲ."

"ನೀ ಒಪ್ಪದಿದ್ರ ಕತಿ ಬದಲಾಗ್ತೈತೇನು?"

"ನನಗ ಗೊತ್ತಿಲ್ಲವ್ವ. ಗಂಜಿ ಕೊಟ್ಟಾನ," ಎಂದು ಅಜ್ಜಿ ಎದ್ದು ಒಲೆಯ ಕಡೆ ಹೋದಳು.

ಮರುದಿನ ಜ್ಯೂಲಿ ಕೌದಿಯನ್ನೇ ಹೊತ್ತುಕೊಂಡು ಶಾಲೆಗೆ ಹೋದಳು.

"ಲೇ, ಜ್ಯೂಲಿ ಸಾಲ್ಯಾಗ ಮಲಕೊಳ್ಳಾಕ ಬಂದಾಳ!" ಎಂದ ಉಳವಪ್ಪ. ಎಲ್ಲರೂ ನಕ್ಕರು.

"ಹಾಳೆ ಎಲ್ಲಿ ಜ್ಯೂಲಿ?" ಎಂದು ಟೀಚರ್ ಕೇಳಿದರು.

ಜ್ಯೂಲಿ ಮುಂದೆ ಬಂದಳು. ಕೌದಿಯ ನಡುವನ್ನು ಒತ್ತಿದಳು. ಚರಕ್!

ಉಳವಪ್ಪ ಕತ್ತು ಚಾಚಿದ.

"ಒಳಗ ಐತ್ರಿ ಟೀಚರ್. ಅಜ್ಜಿ ನೋಡದ ಹೊಲದಾಳ್ರಿ. ತಪ್ಪು ನಂದರಿ. ಇವತ್ತ ಬಿಚ್ಚಿ ಕೊಡ್ತೇವ್ರಿ."

ಟೀಚರ್ ಕೌದಿಯನ್ನೂ ಜ್ಯೂಲಿಯನ್ನೂ ನೋಡಿದರು. ಅವರ ತುಟಿಯ ಮೂಲೆ ಸ್ವಲ್ಪ ಅಲುಗಿತು. "ಹಾಳೆ ಇಲ್ಲದ ಹೇಳ್ತೀಯೇನು?"

ಜ್ಯೂಲಿ ಕೌದಿಯನ್ನು ಟೇಬಲ್ ಮೇಲೆ ಹರಡಿದಳು. ಹಸಿರು ತುಂಡಿನ ಮೇಲೆ ಬೆರಳಿಟ್ಟಳು. "ಹೊಳಿ ತುಂಬಿ ಬರಾಕ ಹತ್ತಿತ್ತು..."

ಮೊದಲು ದನಿ ನಡುಗಿತು. ಹಳದಿಗೆ ಬರುವಷ್ಟರಲ್ಲಿ ನಡುಕ ನಿಂತಿತು. ಕೆಂಪಿಗೆ ಬಂದಾಗ ಹಿಂದಿನ ಬೆಂಚಿನವರು ಎದ್ದು ಬಂದು ಟೇಬಲ್ ಸುತ್ತ ನಿಂತಿದ್ದರು. ಇಲ್ಲಿ ಒತ್ತಕ್ಷರಗಳಿರಲಿಲ್ಲ, ಎಡವಲು ಏನೂ ಇರಲಿಲ್ಲ.

ನೀಲಿ ಗೆರೆಯ ತುಂಡು ಬಂತು. ಗಂಜಿಯ ಮಾತು ಬಿಡಬೇಕೆಂದೇ ಜ್ಯೂಲಿ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಆದರೆ ಬಟ್ಟೆ ಬೆರಳಿಗೆ ಮೆತ್ತಗೆ ತಾಗಿತು. ಅಜ್ಜ ಬಾಗಿಲಿಗೆ ಬಂದ ಯಾರನ್ನೂ ಸುಮ್ಮನೆ ಕಳಿಸುತ್ತಿರಲಿಲ್ಲ.

"ಅಂಬಿಗ ಏನೂ ಮಾತಾಡ್ಲಿಲ್ಲ," ಎಂದಳು ಮೆಲ್ಲಗೆ. "ಒಂದು ಗಂಗಾಳದಾಗ ಬಿಸಿ ಗಂಜಿ ತಂದು ಆಕಿ ಮುಂದ ಇಟ್ಟ. ಬೆಳಕ ಹರೀತು. ದೋಣಿ ಬಿಚ್ಚಿದ."

ರುಬಿನಾ ಜಿಗಿದು ನಿಂತಳು. "ಟೀಚರ್, ನಂದೂ ಈಗ ಹೇಳ್ಲೇನ್ರಿ? ತಡಕೊಳ್ಳಾಕ ಆಗವಲ್ದು!"

ಟೀಚರ್ ತಲೆಯಾಡಿಸಿದರು. ರುಬಿನಾಳ ನೀಲವ್ವ ಆಚೆ ದಂಡೆಗಿಳಿದು ನೇರ ಚಾವಡಿಗೆ ನಡೆದಳು. ಊರಿನವರೆಲ್ಲರ ಮುಂದೆ, "ನಮ್ಮಪ್ಪ ಹೇಳಿದ್ದು ಸುಳ್ಳು. ಅಂಬಿಗ ಕಳ್ಳ ಅಲ್ಲ," ಎಂದಳು. "ಗಂಜಿ ಕುಡದಿದ್ಳಲ್ಲ, ಅದಕ್ಕ ಆಕಿ ದನಿ ಅಷ್ಟು ಗಟ್ಟಿ ಇತ್ತು!" ಎಂದು ರುಬಿನಾ ತಾನೇ ಸೇರಿಸಿದಳು.

ಗಂಟೆ ಹೊಡೆದ ಮೇಲೆ ಟೀಚರ್ ಕೌದಿ ಮಡಚಲು ಕೈಜೋಡಿಸಿದರು.

"ಗಂಜಿ ಯಾರದು ಜ್ಯೂಲಿ?"

ಜ್ಯೂಲಿಯ ಕಿವಿ ಬಿಸಿಯಾಯಿತು. "ಬುಕ್ಕಿನಾಗ ಇಲ್ರಿ. ನಮ್ಮಜ್ಜಿ... ಉಪವಾಸ ಕಳಸಾಕ ಒಪ್ಪಲಿಲ್ರಿ."

ಟೀಚರ್ ನೀಲಿ ಗೆರೆಯ ತುಂಡನ್ನು ಅಂಗೈಯಿಂದ ಸವರಿದರು. "ನಾ ಇದನ್ನ ಭಾಳ ಸಲ ಓದೇನಿ. ಪ್ರತಿ ಸಲ ಆಕಿ ಹಸಕೊಂಡ ಹೊಳಿ ದಾಟ್ತಿದ್ಳು," ಎಂದರು.

ಮಧ್ಯಾಹ್ನದ ಬೆಳಕಿನಲ್ಲಿ ಅಜ್ಜಿ ನಡುವಿನ ಹೊಲಿಗೆ ಬಿಚ್ಚಿದಳು. ಹಾಳೆಗಳು ಹೊರಬಂದವು. ಸಾಲು ಸಾಲಾಗಿ ಸೂಜಿಯ ತೂತು. ಜ್ಯೂಲಿ ಒಂದನ್ನು ಬಾಗಿಲಿಗೆ ಹಿಡಿದಳು. ಅಕ್ಷರಗಳ ನಡುವೆ ಬೆಳಕಿನ ಚುಕ್ಕೆಗಳು ಕಂಡವು.

ಅಜ್ಜಿ ನಡುವನ್ನು ಮತ್ತೆ ಹೊಲಿದಳು. ಕೊನೆಯ ಫೂಲದ ಬಟ್ಟೆ ಮಡಚಿ ಮೂಲೆಗೆ ಇಟ್ಟಳು. ಒಂದೆರಡು ಹೊಲಿಗೆ ಹಾಕಿ, ತಲೆಯೆತ್ತದೆ ಕೇಳಿದಳು:

"ಹೊಳಿ ದಾಟಿದ್ಳಲ್ಲ, ಮುಂದ ಏನಾತು?"

ಜ್ಯೂಲಿ ಅಜ್ಜಿಯ ಮುಖ ನೋಡಿದಳು. ತಾನು ಓದಿದ್ದು ಹೋಮ್‌ವರ್ಕ್‌ಗೆ ಎಂದುಕೊಂಡಿದ್ದಳು. ಅಜ್ಜಿ ಆವತ್ತಿನಿಂದ ಆ ಹೊಳೆಯ ದಂಡೆಯಲ್ಲೇ ಕಾಯುತ್ತಿದ್ದಳು.

ಅವಳು ಹಾಳೆಗಳನ್ನು ಅಂತೋನಿಗೆ ಎಟುಕದ ಗೂಡಿನಲ್ಲಿಟ್ಟು ಬಂದಳು. ಅಜ್ಜಿಗೆ ಒತ್ತಿ ಕುಳಿತಳು.

"ನೀಲವ್ವ ಆಚಿ ದಂಡಿಗೆ ಇಳದ್ಳು," ಎಂದು ಶುರುಮಾಡಿದಳು. "ಹೊಟ್ಟಿ ತುಂಬಿತ್ತು."

ಅಜ್ಜಿಯ ಸೂಜಿ ನಿಂತಿತು.