ಹಾಯಿಕಂಬ ಮುರಿದ ಶುಕ್ರವಾರ

ದೋಣಿ ವಾಲಿಕೊಂಡು ಕೆಸರಿನಲ್ಲಿ ಕೂತಿತ್ತು. ಅದರ ಕಂಬ ಎರಡು ತುಂಡು.

ಚಿತ್ರಾ ಕೈಯಲ್ಲಿದ್ದ ಪಾತ್ರೆಗಳನ್ನು ಮೆಟ್ಟಿಲ ಮೇಲೆ ಕುಕ್ಕಿದಳು. ಶಾಲೆಯಿಂದ ಬಂದು, ಹಾಲು ಕಾಯಿಸಿಟ್ಟು, ಬೆಳಗಿನ ಮುಸುರೆ ತಿಕ್ಕಲೆಂದು ಹಿತ್ತಿಲ ಕಾಲುವೆಗೆ ಇಳಿದಿದ್ದವಳು. ಐವತ್ತು ಹೆಜ್ಜೆ ಆಚೆಗಿನ ಚಪ್ಪಡಿ ಸೇತುವೆಯ ಬುಡದಲ್ಲಿ ಈ ನೋಟ. ಕಂಬದ ನೀಲಿ ತುದಿ ಹಾಯಿಯ ಬಟ್ಟೆಗೆ ಸಿಕ್ಕಿಕೊಂಡು ನೀರಿನಲ್ಲಿ ತೇಲುತ್ತಿತ್ತು.

"ಮೇಘಾ! ನಿಮ್ಮ ದೋಣಿ ನೋಡೇ!"

ಪಕ್ಕದ ಮನೆಯ ಮೇಘಶ್ರೀ ಬಾಗಿಲಿಗೆ ಬಂದಳು. ನೋಡಿದಳು. "ಅಯ್ಯೋ" ಎಂದಳು. ಕೆಳಗಿಳಿಯಲಿಲ್ಲ.

ಹಳೇಬೀಡಿನಲ್ಲಿ ಹಾಯಿದೋಣಿ ಎಂದರೆ ಅದೊಂದೇ. ಮೇಘಶ್ರೀಯ ಗಂಡ ಧರ್ಮೇಶ್ ಬೇಲೂರಿನಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು. ಕಾರವಾರದಲ್ಲಿ ನಾಲ್ಕು ವರ್ಷವಿದ್ದು ಹಾಯಿಯ ಹುಚ್ಚು ಹಚ್ಚಿಸಿಕೊಂಡು ಬಂದವನು. ಗೆಳೆಯ ಸಂತೋಷನ ಜೊತೆ ಸೇರಿ ಎರಡು ವರ್ಷದ ಹಿಂದೆ, ಎರಡು ಸಾವಿರದ ಒಂದರಲ್ಲಿ, ಇದನ್ನು ಕಟ್ಟಿದ್ದ. ಮನೆಗಳ ಹಿಂದಿನ ಕಾಲುವೆಯಲ್ಲಿ ತೊಡೆಮಟ್ಟದ ನೀರು. ಅಲ್ಲಿ ದೋಣಿಯ ಹೊಟ್ಟೆಯಿಂದ ಕೆಳಗಿಳಿಯುವ ನಡುಹಲಗೆಯನ್ನು ಮೇಲೆಳೆದುಕೊಳ್ಳಬೇಕು, ಇಲ್ಲವಾದರೆ ನೆಲ ಕಚ್ಚುತ್ತದೆ. ಸೇತುವೆ ಬಂದಾಗ ಮೂತಿಯ ಹಗ್ಗ ಸಡಿಲಿಸಿ ಕಂಬವನ್ನು ಮಲಗಿಸಬೇಕು. ದಾಟಿದ ಮೇಲೆ ಕಂಬ ಎತ್ತಿ ಹಾಯಿ ಬಿಚ್ಚಿದರೆ ಕೆರೆಯೆಲ್ಲ ತನ್ನದೇ.

ದೋಣಿಯ ಮೂತಿಯ ಮೇಲೆ ಬಿಳಿ ಅಕ್ಷರದಲ್ಲಿ 'ಮೇಘಶ್ರೀ' ಎಂದು ಬರೆದಿತ್ತು.

ಆ ಮೂರು ಅಕ್ಷರ ಸಂಜೆ ಸಂಜೆ ಎದುರಿನಲ್ಲೇ ಹಾದುಹೋದಾಗಲೆಲ್ಲ ಚಿತ್ರಾ ತಿಕ್ಕುತ್ತಿದ್ದ ಪಾತ್ರೆ ಇನ್ನಷ್ಟು ಹೊಳೆಯುತ್ತಿತ್ತು. ಅವಳ ಗಂಡ ಲಕ್ಷ್ಮೀಶ ಹೊಸ ಸ್ಕೂಟರಿನ ಮೇಲೆ ಬರೆಸಿದ್ದು ತನ್ನ ಅಮ್ಮನ ಹೆಸರನ್ನು.

ಐದರ ಬಸ್ಸಿಗೆ ಧರ್ಮೇಶ್ ಬಂದ. ತನ್ನ ರಿಪೇರಿ ಅಂಗಡಿ ಮುಚ್ಚಿ ಸಂತೋಷನೂ ಓಡಿಬಂದ. ಸೇತುವೆಯ ಈಚೆ, ಮನೆಗಳ ಕಡೆಯ ದಡದಲ್ಲಿ ಎಲ್ಲರೂ ನಿಂತರು.

"ಇನ್ಯಾರು? ಗಿಡ್ಡಪ್ಪ!" ಎಂದ ಧರ್ಮೇಶ್. "ಕಾಲುವೆಯ ಮೇಲ್ಗಡೆ ಗೇಟು ಎತ್ತಿದಾನೆ. ನೀರು ನುಗ್ಗಿದೆ, ಹಗ್ಗ ಬಿಚ್ಚಿ ದೋಣಿ ತೇಲಿಕೊಂಡು ಬಂದು ಚಪ್ಪಡಿಗೆ ಹೊಡೆದಿದೆ. ದಡ ಕುಸೀತದೆ, ದೋಣಿ ಮುರೀತೀನಿ ಅಂತ ಹೋದ ವಾರ ತಾನೇ ಹೇಳ್ಲಿಲ್ವಾ?"

ಗಿಡ್ಡಪ್ಪ ಕಾಲುವೆಯ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ ಅವನ ತಾತನ ಕಾಲದಿಂದ ಅವನ ಮನೆಯದು. ಕೂಗಿ ಕರೆಸಿದಾಗ ಹೆಗಲ ಮೇಲೆ ಗುದ್ದಲಿ ಹೊತ್ತೇ ಬಂದ.

"ಮುರೀತೀನಿ ಅಂದಿದ್ದು ನಿಜ ಕಣಪ್ಪ. ಬಾಯಲ್ಲಿ ಅಂದೆ. ಗೇಟು ಇವತ್ತು ಮುಟ್ಟೇ ಇಲ್ಲ. ಹೋಗಿ ನೋಡು, ಬೀಗ ಹಂಗೇ ಐತೆ."

"ಬೀಗದ ಕೈ ಯಾರ ಹತ್ರ ಇದೆ?"

"ನನ್ತಾವ."

"ಮತ್ತೆ?" ಧರ್ಮೇಶ್ ಜೇಬಿನಿಂದ ಹಾಳೆ, ಪೆನ್ನು ತೆಗೆದು ಬರೆಯತೊಡಗಿದ. "ನಾಳೆ ಬೆಳಿಗ್ಗೆ ಪಂಚಾಯ್ತಿಗೆ ಅರ್ಜಿ ಕೊಡ್ತೀನಿ. ಈ ಕೆಲಸದಿಂದ ನಿನ್ನ ತೆಗೆಸದಿದ್ರೆ ಕೇಳು."

ಗಿಡ್ಡಪ್ಪನ ಗುದ್ದಲಿ ಹೆಗಲಿಂದ ಕೆಳಗಿಳಿಯಿತು. "ಅಪ್ಪಾ, ಇದು ಬಿಟ್ರೆ ನಂಗೆ ಇನ್ನೇನು ಬತ್ತದೆ?"

ಚಿತ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೇತುವೆ ಹತ್ತಿದಳು. ಆಚೆ ಇಳಿದು, ಕೆರೆಯ ಕಡೆಯ ದಡದಲ್ಲಿ ಬಗ್ಗಿ ನೋಡಿದಳು. ತಿರುಗಿ ಬಂದು ನೀರಿಗಿಳಿದು ದೋಣಿಯೊಳಗೆ ಇಣುಕಿದಳು. ಹಾಯಿಯ ಹಗ್ಗವನ್ನು ಬೆರಳಲ್ಲಿ ಹಿಡಿದು ಮೂಸಿದಳು.

"ಟೀಚರ್, ಅಲ್ಲೇನು ಹುಡುಕ್ತೀರಾ? ಮೀನಾ?" ಎಂದು ಸಂತೋಷ್ ನಕ್ಕ.

"ಧರ್ಮೇಶ್, ಈ ಹಗ್ಗ ಯಾವಾಗಿನದು?"

"ಹೊಸದಕ್ಕಾ. ಸೋಮವಾರ ಅರಸೀಕೆರೆಯಿಂದ ತಂದಿದ್ದು."

"ಅದರ ಮೇಲೆ ಅರಿಶಿನ ಇದೆಯಲ್ಲ?"

"ಆಯುಧಪೂಜೆದಿರಬೇಕು ಬಿಡಿ."

"ಆಯುಧಪೂಜೆ ಆಗಿ ತಿಂಗಳಾಯ್ತು. ಹಗ್ಗ ಬಂದು ನಾಲ್ಕು ದಿನ."

ಧರ್ಮೇಶನ ಪೆನ್ನು ನಿಂತಿತು.

"ಇನ್ನೊಂದು. ದೋಣಿ ನಿಮ್ಮ ಮನೆ ಮೆಟ್ಟಿಲಿಂದ ತೇಲಿ ಬಂದು ಹೊಡೆದಿದ್ರೆ ಚಪ್ಪಡಿಯ ಯಾವ ಅಂಚಿಗೆ ಹೊಡೀಬೇಕು?"

"ಈ ಕಡೆ ಅಂಚಿಗೆ."

"ನೋಡಿ. ಈ ಕಡೆ ಪಾಚಿ ಒಂದು ಉಗುರಿನಷ್ಟೂ ಕಿತ್ತಿಲ್ಲ. ನೀವೆಲ್ಲ ಈಚೆಯೇ ನಿಂತು ಜಗಳ ಆಡಿದ್ರಿ. ಆಚೆ ಹೋಗಿ ನೋಡಿ, ಕೆರೆ ಕಡೆಯ ಅಂಚಲ್ಲಿ ಕಲ್ಲು ಚಕ್ಕೆ ಎದ್ದಿದೆ. ಅಲ್ಲೇ ನಿಮ್ಮ ಕಂಬದ ನೀಲಿ ಬಣ್ಣ ಮೆತ್ತಿದೆ."

ಸಂತೋಷ್ ಓಡಿದ. ಆಚೆಯಿಂದ ಅವನ ಕೂಗು ಬಂತು: "ಹೌದು ಕಣೋ! ಇದೆ!"

"ಅಂದ್ರೆ ದೋಣಿ ಇಲ್ಲಿಂದ ಹೋಗ್ತಾ ಮುರೀಲಿಲ್ಲ," ಎಂದಳು ಚಿತ್ರಾ. "ಕೆರೆಯಿಂದ ವಾಪಸ್ ಬರ್ತಾ ಮುರೀತು. ಕಂಬ ಮುರಿದ ಮೇಲೆ ಚಪ್ಪಡಿ ಕೆಳಗೆ ಜಾರಿ ಈಚೆ ಬಂದು ಕೂತಿದೆ. ವಾಪಸ್ ಬರಬೇಕಾದ್ರೆ ಮೊದಲು ಹೋಗಿರಬೇಕು. ಹೋಗಬೇಕಾದ್ರೆ ಇದೇ ಚಪ್ಪಡಿ ಕೆಳಗೆ ಕಂಬ ಮಲಗಿಸಿರಬೇಕು. ನಡುಹಲಗೆಯೂ ಮೇಲೆಳೆದೇ ಇದೆ. ಗಿಡ್ಡಪ್ಪ, ನಿಂಗೆ ಆ ಕಂಬ ಮಲಗಿಸೋಕೆ ಬರುತ್ತಾ?"

"ಅದ್ರ ತಲೆ ಯಾವ್ದು ಬಾಲ ಯಾವ್ದು ಅಂತ್ಲೇ ಗೊತ್ತಿಲ್ಲ ಕಣವ್ವ!"

"ಗೊತ್ತಿರೋದು ನಂಗೆ, ಸಂತೋಷಂಗೆ, ಇಬ್ಬರಿಗೇ," ಎಂದ ಧರ್ಮೇಶ್. ಅವನ ಕಣ್ಣು ಸೇತುವೆ ದಾಟಿ ವಾಪಸ್ ಬಂದ ಗೆಳೆಯನ ಕಡೆ ಹೊರಳಿತು. "ಪೇಪರಲ್ಲಿ ದೋಣಿ ಜೊತೆ ನನ್ನ ಫೋಟೋ ಒಂದೇ ಬಂತು ಅಂತ ಮುಖ ಊದಿಸ್ಕೊಂಡಿದ್ಯಲ್ಲಾ, ನೀನೇನೋ?"

"ಹೊಟ್ಟೆ ಉರೀತು ಕಣೋ, ಇಲ್ಲ ಅನ್ನಲ್ಲ!" ಸಂತೋಷ್ ಕೆಂಪಾದ. "ಅದಕ್ಕೆ ನಾನೇ ಹೊಡೆದ ಮೊಳೆ ನಾನೇ ಕೀಳ್ತೀನಾ?"

"ಅವರು ಬೆಳಿಗ್ಗೆಯಿಂದ ನಾಲ್ಕರ ತನಕ ನಮ್ಮ ಶಾಲೆಯಲ್ಲಿ ಫ್ಯಾನ್ ರಿಪೇರಿ ಮಾಡ್ತಿದ್ರು," ಎಂದಳು ಚಿತ್ರಾ. "ನನ್ನ ಕ್ಲಾಸಿನಲ್ಲೇ. ನಿಮ್ಮಿಬ್ಬರಿಗೆ ಮಾತ್ರ ಗೊತ್ತು ಅಂದ್ಕೊಂಡಿದ್ದೇ ತಪ್ಪು. ಎರಡು ವರ್ಷ ದಿನಾ ಮೆಟ್ಟಿಲ ಮೇಲೆ ನಿಂತು ನೋಡಿದೋರಿಗೆ ಎಲ್ಲಾ ಬರುತ್ತೆ. ನಂಗೂ ಬರುತ್ತೆ. ಹೊಟ್ಟೆಕಿಚ್ಚಿನ ಕಣ್ಣಿಗೆ ಒಂದು ಗಂಟೂ ತಪ್ಪಲ್ಲ."

ಹೇಳಿದರೆ ಒಂದು ಮನೆ ಕದಡುತ್ತದೆ. ಹೇಳದಿದ್ದರೆ ಇನ್ನೊಂದು ಮನೆಯ ಅನ್ನ ಹೋಗುತ್ತದೆ. ಗಿಡ್ಡಪ್ಪ ಗುದ್ದಲಿಯ ಕಾವನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದ.

"ಇವತ್ತು ಶುಕ್ರವಾರ. ಹೊಸಿಲಿಗೆ ಅರಿಶಿನ ಬಳಿದ ಕೈ ಬೇಗ ಬಿಡಲ್ಲ. ಮಧ್ಯಾಹ್ನ ನಾನು ಶಾಲೆಯಲ್ಲಿದ್ದೆ. ಈ ಕಾಲುವೆ ಪಕ್ಕ ಮನೇಲಿದ್ದ ಹೆಂಗಸು ಒಬ್ಬಳೇ." ದನಿ ತಗ್ಗಿತು. "ಮೇಘಾ, ಕೆಳಗೆ ಬಾರಮ್ಮ."

ಮೇಘಶ್ರೀ ಇಳಿದು ಬಂದಳು. ಅಂಗೈ ಹಳದಿ. ಸೀರೆಯ ಅಂಚಿನಲ್ಲಿ ಒಣಗಿದ ಕೆಸರು.

"ನೀನಾ?" ಎಂದ ಧರ್ಮೇಶ್.

"ನಾನೇ. ಹೆಂಗಸರು ಹತ್ತಿದ್ರೆ ವಾಲುತ್ತೆ ಅಂತ ಎರಡು ವರ್ಷ ಹೇಳಿದ್ರಿ. ಹೋದ ಭಾನುವಾರ ಬೆಂಗಳೂರಿಂದ ಬಂದ ಸಾಹೇಬ್ರ ಹೆಂಡತೀನ ಎರಡು ಸುತ್ತು ಕೂರಿಸ್ಕೊಂಡು ಹೋದ್ರಿ. ವಾಲಲಿಲ್ಲ." ಅವಳು ಮೂತಿಯ ಮೇಲಿನ ಬಿಳಿ ಅಕ್ಷರಗಳನ್ನು ತೋರಿಸಿದಳು. "ಹೆಸರು ಮಾತ್ರ ನಂದು. ನನ್ನ ಹೆಸರಿನ ಸವತೀನ ದಿನಾ ನೀವು ಉಜ್ಜಿ ಒರೆಸೋದು ನೋಡ್ಕೊಂಡಿದ್ದೆ. ಅದರಲ್ಲಿ ಅಂಥಾದ್ದು ಏನಿದೆ ಅಂತ ನೋಡೋಣ ಅನ್ನಿಸ್ತು."

"ಗಿಡ್ಡಪ್ಪನ ಮೇಲೆ ಬಂದಾಗಲೂ ಸುಮ್ಮನಿದ್ದೆಯಲ್ಲೇ," ಎಂದಳು ಚಿತ್ರಾ.

"ತಪ್ಪಾಯ್ತು. ಬಾಯಿ ಬರಲಿಲ್ಲ." ಅವಳು ಗಿಡ್ಡಪ್ಪನ ಕಡೆ ತಿರುಗಿ ಕೈ ಮುಗಿದಳು.

"ಬುಡವ್ವ, ಬುಡು," ಎಂದು ಗಿಡ್ಡಪ್ಪ ಗುದ್ದಲಿಯನ್ನು ಮತ್ತೆ ಹೆಗಲಿಗೇರಿಸಿದ. "ಏನೇ ಅನ್ನು ಮೇಷ್ಟ್ರೇ, ದಡಕ್ಕೆ ಒಂದು ಗೀರೂ ಬೀಳದಂಗೆ ಓಡಿಸವ್ಳೆ. ನಿನಗಿಂತ ವಾಸಿ."

ಧರ್ಮೇಶ್ ಅರ್ಜಿಯ ಹಾಳೆಯನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, ಹರಿದ. ಆಮೇಲೆ ಕೇಳಿದ: "ಹೋಗ್ತಾ ಮಲಗಿಸಿದ್ದೆ. ಬರ್ತಾ ಯಾಕೆ ಕಂಬ ಮಲಗಿಸಲಿಲ್ಲ?"

"ಕೆರೆ ನಡುವಿಂದ ನಮ್ಮನೆ ನೋಡ್ತಾ ಬಂದೆ ಕಣ್ರೀ. ಬೆಂಕಿಪೊಟ್ಟಣದಷ್ಟೇ ಇತ್ತು. ಗಾಳಿ ಬೆನ್ನಿಗಿತ್ತು. ನೋಡ್ತಾ ನೋಡ್ತಾ... ಚಪ್ಪಡಿ ಇದೆ ಅನ್ನೋದೇ ಮರೆತುಹೋಯ್ತು."

ಚಿತ್ರಾ ಮೆಟ್ಟಿಲಿಗೆ ಮರಳಿ ಪಾತ್ರೆಗಳ ಮುಂದೆ ಕುಕ್ಕರಿಸಿದಳು. ಇಷ್ಟು ದಿನ ಆ ಮೂರು ಅಕ್ಷರದ ಮೇಲೆ ಹೊಟ್ಟೆಕಿಚ್ಚು. ಈಗ ಅದು ಆರಿಹೋಗಬೇಕಿತ್ತು, ಆರಲಿಲ್ಲ. ತನ್ನ ಮನೆ ಬೆಂಕಿಪೊಟ್ಟಣದಷ್ಟಾಗುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಮೇಘಶ್ರೀ ಬಂದು ಪಕ್ಕದಲ್ಲಿ ಕೂತು ಒಂದು ತಟ್ಟೆ ಎಳೆದುಕೊಂಡಳು.

"ನನ್ನ ಮೇಲೆ ಕೋಪನಾ ಅಕ್ಕಾ?"

"ಹೊಸ ಕಂಬ ಯಾವಾಗ ಹಾಕ್ತಾರೆ, ಕೇಳು."

"ಯಾಕಕ್ಕಾ?"

"ಚಪ್ಪಡಿ ಬಂತು ಅಂತ ಕೂಗೋಕೆ ಒಬ್ಬರು ಜೊತೆಗೆ ಬೇಡ್ವೇನೇ?" ಎಂದು ಚಿತ್ರಾ ತಟ್ಟೆಯನ್ನು ಅವಳ ಕೈಯಿಂದ ಕಸಿದುಕೊಂಡು ತಾನೇ ತಿಕ್ಕತೊಡಗಿದಳು.