ಸಾಕ್ಷಿಯ ಸಹಿ

2025ರ ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 10.40ಕ್ಕೆ ಇಸ್ತ್ರಿ ಮುರಿಯದ ಶರ್ಟಿನಲ್ಲಿ ಗಿರಿರಾಜ್ ಠಾಣೆಯ ಮೆಟ್ಟಿಲು ಹತ್ತಿದ. ಹೇರೋಹಳ್ಳಿ ರಸ್ತೆಯ ‘ಸುಧಾಮಯ ಕಿಡ್ನಿ ಸಂಶೋಧನಾ ಕೇಂದ್ರ’ದ ಮ್ಯಾನೇಜರ್. ಡಯಾಲಿಸಿಸ್ ಮಾಡಿಸಿಕೊಳ್ಳುವ ಅರವತ್ತು ರೋಗಿಗಳಿಗೆ ಹೊಸ ಮಾತ್ರೆಯೊಂದನ್ನು ಕೊಟ್ಟು ಪರೀಕ್ಷಿಸುತ್ತಿದ್ದ ಕೇಂದ್ರ ಅದು. ಒಬ್ಬೊಬ್ಬರಿಗೆ ಒಂದೊಂದು ಫೈಲು. ಶನಿವಾರ ಬೆಳಿಗ್ಗೆ ಇದ್ದ ಅರವತ್ತರಲ್ಲಿ ಹನ್ನೊಂದು ಸೋಮವಾರದ ಹೊತ್ತಿಗೆ ಕಾಣೆಯಾಗಿದ್ದವು.

“FIR ಕಾಪಿ ಇವತ್ತೇ ಬೇಕು ಸಾರ್. ಶುಕ್ರವಾರ ಡೆಲ್ಲಿಯಿಂದ ಔಷಧ ಇಲಾಖೆಯೋರು ತಪಾಸಣೆಗೆ ಬರ್ತಾರೆ.”

“ಫೈಲು ಯಾವತ್ತು ಬೇಕು?” ಇನ್‌ಸ್ಪೆಕ್ಟರ್ ಕರಿಬಸಪ್ಪ ಕೇಳಿದ.

“ಅದೂ... ಸಿಕ್ಕರೆ ಒಳ್ಳೇದೇ.”

ಕಳೆದುಹೋದ ಮಾಲಿಗಿಂತ ಪೊಲೀಸ್ ಕಾಗದಕ್ಕೆ ಅವಸರ ಪಡುವವರನ್ನು ಕರಿಬಸಪ್ಪ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಾಕಷ್ಟು ನೋಡಿದ್ದ. ಅಪರಿಚಿತರ ಮೇಲೆ ಕಳ್ಳತನದ FIR ದಾಖಲಾಯಿತು.

ಮಧ್ಯಾಹ್ನ 12.15ಕ್ಕೆ ಸ್ಥಳ ಪರಿಶೀಲನೆ. ರೆಕಾರ್ಡ್ ರೂಮಿನ ಬೀಗ ಒಡೆದಿರಲಿಲ್ಲ. ಫೈಲುಗಳ ಮೇಲೆ ರೋಗಿಯ ಹೆಸರಿಲ್ಲ, ಇಂಗ್ಲಿಷಿನಲ್ಲಿ ನಂಬರ್ ಮಾತ್ರ. ಹೋದದ್ದು ಸಾಲಾಗಿಯೂ ಅಲ್ಲ. ಮೂರು, ಒಂಬತ್ತು, ಹದಿನಾಲ್ಕು, ಹೀಗೆ ಅಲ್ಲೊಂದು ಇಲ್ಲೊಂದು. ಯಾರೋ ಕೂತು ಆರಿಸಿಕೊಂಡು ಒಯ್ದಿದ್ದರು.

“ಶನಿವಾರದಿಂದ ಈ ರೂಮಿಗೆ ಯಾರ್ಯಾರು ಹೋಗಿದಾರೆ?”

“ಯಾರೂ ಹೋಗಿಲ್ಲ ಸಾರ್. CCTV ಪೂರ್ತಿ ನೋಡಿದೀನಿ.”

ಕರಿಬಸಪ್ಪ ತಾನೂ ನೋಡಿದ. ಶನಿವಾರ ಮಧ್ಯಾಹ್ನ 2.10ಕ್ಕೆ ಒಬ್ಬ ಹೆಂಗಸು ಒರೆಸೋ ಕೋಲು, ಬಕೆಟ್ಟು ಹಿಡಿದು ಒಳಗೆ ಹೋದಳು. ಮುಕ್ಕಾಲು ಗಂಟೆಯ ಮೇಲೆ ಬಂದಳು. ಆಮೇಲೆ ತೊಳೆಯಲು ಹಾಕುವ ಬೆಡ್‌ಶೀಟಿನ ಗಂಟು ಹೊತ್ತು ಮತ್ತೊಮ್ಮೆ ಹೋಗಿ ಬಂದಳು.

“ಇವರು?”

“ಅವಳು ಆಯಾ ಸಾರ್, ಪಟಾಲಮ್ಮ.” ಗಿರಿರಾಜ್ ನಕ್ಕ. “ಎಬಿಸಿಡಿನೂ ಬರಲ್ಲ, ಕನ್ನಡ ಓದೋಕೂ ಬರಲ್ಲ. ಅರವತ್ತರಲ್ಲಿ ಹನ್ನೊಂದು ಹುಡುಕ್ತಾಳಾ?”

ಒಳಗೆ ಹೋದವರು ‘ಯಾರೂ ಇಲ್ಲ’ ಎಂದಿದ್ದ ಮನುಷ್ಯ. ಆಯಾ ಅವನ ಲೆಕ್ಕದಲ್ಲಿ ಯಾರೂ ಅಲ್ಲ. ಹೇಲು ಉಚ್ಚೆ ಬಾಚಿ, ರಕ್ತದ ಬಟ್ಟೆ ಹೊತ್ತು, ಎಂಟು ವರ್ಷ ಆ ಕಟ್ಟಡವನ್ನು ಗಬ್ಬು ನಾರದಂತೆ ಇಟ್ಟವಳು ಯಾರೂ ಅಲ್ಲ. ಆದರೆ ಅವನ ಪ್ರಶ್ನೆಯನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಓದಲು ಬಾರದವಳು ಆರಿಸಿದ್ದು ಹೇಗೆ?

“ಆ ಹನ್ನೊಂದು ಜನರ ವಿಳಾಸ ಕೊಡಿ.”

“ಅದು ಗೌಪ್ಯ ಸಾರ್.”

“ಕಂಪ್ಲೇಂಟ್ ಕೊಟ್ಟೋರು ನೀವು. ನಾನೇನು ಕರೆಯದೆ ಬಂದಿಲ್ಲ.”

ಸಂಜೆ 4.30. ಮಲ್ಲತ್ತಹಳ್ಳಿ ಕೆರೆಯ ಹಿಂದಿನ ಬೀದಿ. ಒಂಬತ್ತನೇ ನಂಬರಿನ ರೋಗಿ ಹಾಲವ್ವ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಫೋಟೊ ಆಗಿದ್ದಳು. ಜನವರಿ 19ರಂದು ತೀರಿಕೊಂಡಿದ್ದಳು. ಗಂಡ ರುದ್ರೇಶ ಗೂಡ್ಸ್ ಆಟೊ ಓಡಿಸುವವನು. ದಾವಣಗೆರೆ ಕಡೆಯ, ತನ್ನೂರಿನ ಮಾತು ಕೇಳಿ ಕರಿಬಸಪ್ಪ ಬೂಟು ಬಿಚ್ಚಿ ಚಾಪೆಯ ಮೇಲೇ ಕೂತ.

“ಏನಾಗಿತ್ರಿ?”

“ತೊಡಿ ಮ್ಯಾಲೆ ಗಾಯ ಆತ್ರಿ ಸಾರ್. ಮೊದ್ಲು ಬಲೆ ಹಂಗ ನೇರಳೆ ಗೆರಿ. ಆಮೇಲೆ ಸುಟ್ಟಂಗ ಕರ್ರಗಾತು. ಹೊದಿಕಿ ತಾಕಿದ್ರೂ ಚೀರೋಳು. ಶುಗರ್ ಹುಣ್ಣು, ಮಾತ್ರೆ ಬಿಡಬ್ಯಾಡ ಅಂದ್ರು.”

“ಶುಗರ್ ಇತ್ತಾ?”

“ಎಲ್ಲಿ ಶುಗರ್ರೀ! ಯುಗಾದಿಗೆ ನಾಲ್ಕು ಹೋಳಿಗಿ ತಿಂದಾಕಿ ಅಕಿ.” ರುದ್ರೇಶ ಎದ್ದು ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದ. ಪ್ರಯೋಗಕ್ಕೆ ಸೇರುವಾಗ ಕೊಟ್ಟಿದ್ದ ಒಪ್ಪಿಗೆ ಪತ್ರದ ನಕಲು. ಹದಿನೆಂಟು ಪುಟ ಇಂಗ್ಲಿಷು. ಕೊನೆಯಲ್ಲಿ ಹಾಲವ್ವನ ಹೆಬ್ಬೆಟ್ಟು. ಅದರ ಪಕ್ಕ, ರೋಗಿಗೆ ಎಲ್ಲವನ್ನೂ ಓದಿ ವಿವರಿಸಿದ್ದಕ್ಕೆ ಸಾಕ್ಷಿ ಎಂಬ ಜಾಗದಲ್ಲಿ, ಒಂದೊಂದು ಅಕ್ಷರವೂ ಒಂದೊಂದು ಕಡೆಗೆ ವಾಲಿದ ಕನ್ನಡ ಸಹಿ: ಪಟಾಲಮ್ಮ.

6.10ಕ್ಕೆ ಬಾಪೂಜಿ ನಗರದ ಇನ್ನೊಂದು ಮನೆ. ಅಲ್ಲಿಯ ರೋಗಿ ಬದುಕಿದ್ದ, ಗಾಯವೂ ಇರಲಿಲ್ಲ. ಕಾಗದದಲ್ಲಿ ಮಾತ್ರ ಅದೇ ವಾಲಿದ ಸಹಿ. ಉಳಿದವರಲ್ಲಿ ನಾಲ್ವರ ಮನೆಯವರು ವಾಟ್ಸಾಪಿನಲ್ಲಿ ಒಪ್ಪಿಗೆ ಪತ್ರದ ಫೋಟೊ ಕಳಿಸಿದರು. ನಾಲ್ಕರಲ್ಲೂ ಅವಳೇ.

ಲೋಕದ ಅಕ್ಷರಗಳಲ್ಲೆಲ್ಲ ಅವಳು ಓದಬಲ್ಲದ್ದು ಒಂದೇ, ತನ್ನ ಹೆಸರು. ಹೆಸರು ಕಂಡ ಫೈಲನ್ನೆಲ್ಲ ಎತ್ತಿಕೊಂಡಿದ್ದಳು.

ಮರುದಿನ ಬೆಳಿಗ್ಗೆ 9.30ಕ್ಕೆ ರಾಜಾಜಿನಗರದ ಕಿಡ್ನಿ ವೈದ್ಯೆ ಸಂಘಮಿತ್ರಾ ರುದ್ರೇಶ ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಗಾಯದ ಫೋಟೊವನ್ನು ದೊಡ್ಡದು ಮಾಡಿ ನೋಡಿದಳು. “ಶುಗರ್ ಹುಣ್ಣಿನ ಥರ ಕಾಣಲ್ಲ ಇದು. ಕ್ಯಾಲ್ಸಿಫೈಲ್ಯಾಕ್ಸಿಸ್ ಇರಬಹುದು. ಚರ್ಮದ ಸಣ್ಣ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಕೊಂಡು ಚರ್ಮ ಸತ್ತುಹೋಗುತ್ತೆ. ತುಂಬ ಅಪರೂಪ.”

“ಆ ಮಾತ್ರೆಯಿಂದಾನೇ ಬಂತಾ?”

“ಗೊತ್ತಿಲ್ಲ. ಕಿಡ್ನಿ ಹೋದವರಿಗೆ ಮಾತ್ರೆ ಇಲ್ಲದೆನೂ ಬರುತ್ತೆ. ಆದ್ರೆ ಅರವತ್ತು ಜನದಲ್ಲಿ ಎಷ್ಟು ಜನಕ್ಕೆ ಬಂತು ಅಂತ ಬರೆದಿಟ್ರೆ ತಾನೇ ಗೊತ್ತಾಗೋದು? ಅದಕ್ಕೇ ಅಲ್ವಾ ಸಂಶೋಧನೆ ಅನ್ನೋದು?”

11.30ಕ್ಕೆ ಹೇರೋಹಳ್ಳಿ. ಜಲ್ಲಿ ಎದ್ದ ರಸ್ತೆಯಲ್ಲಿ ಜೀಪು ಕುಲುಕಾಡುತ್ತ ಹೋಗಿ ಶೀಟಿನ ಮನೆಯ ಮುಂದೆ ನಿಂತಿತು. ಜೊತೆಗೆ ಹೆಡ್ ಕಾನ್‌ಸ್ಟೆಬಲ್ ಬೈರಯ್ಯ, ಮಹಿಳಾ ಕಾನ್‌ಸ್ಟೆಬಲ್ ಸುಮಾ, ಪಂಚನಾಗಿ, ಅಂದರೆ ಜಪ್ತಿಗೆ ಸಾಕ್ಷಿಯಾಗಿ, ಮಡಿವಾಳಪ್ಪ. ಮಡಿವಾಳಪ್ಪನಿಗೆ ಠಾಣೆಯೆದುರು ಟೀ ಅಂಗಡಿ. ಪಂಚರು ಬೇಕಾದಾಗಲೆಲ್ಲ ಬೈರಯ್ಯ ಅವನನ್ನೇ ಕೂಗುವುದು. ಎಲ್ಲಿ ತೋರಿಸಿದರೆ ಅಲ್ಲಿ ಸಹಿ ಹಾಕಿ ಒಲೆಗೆ ಓಡುವುದು ಅವನ ಅಭ್ಯಾಸ.

ಬಾಗಿಲಲ್ಲೇ ಕೂತಿದ್ದ ಪಟಾಲಮ್ಮ ಎದ್ದು ನಿಂತಳು. ಐವತ್ತೈದರ ಗಟ್ಟಿ ಜೀವ.

“ಈಗ ಬಂದ್ರಾ? ಶನಿವಾರದಿಂದ ಕಾಯ್ತಾ ಇವ್ನಿ. ನಾನೇ ಕದ್ದಿದ್ದು. ಬರ್ಕೊಳ್ಳಿ.”

ಹಳೆ ಸೀರೆಯಲ್ಲಿ ಸುತ್ತಿದ್ದ ಹನ್ನೊಂದು ಫೈಲನ್ನೂ ಮಂಚದ ಕೆಳಗಿಂದ ಎಳೆದಳು. ಸುಮಾ ಮೊಬೈಲಿನಲ್ಲಿ ಚಿತ್ರೀಕರಿಸಿದಳು.

“ಯಾಕಮ್ಮಾ?”

“ದಿನಾ ಗಾಯ ತೊಳೆದಿದ್ದು ನಾನು ಸಾರ್. ನಾಲ್ಕು ಜನಕ್ಕೆ ಒಂದೇ ಥರ ಕರ್ರಗಾಯ್ತು, ಇಬ್ರು ಸತ್ರು. ಡಾಕ್ಟ್ರಿಗೆ ಹೇಳಿದ್ರೆ ನೆಲ ಒರೆಸೋದು ನೋಡ್ಕೋ ಅಂದ್ರು. ಶನಿವಾರ ಗಿರಿರಾಜ್ ಸಾರ್ ಕರೆದು, ಹೊಸ ಪೇಪರ್ ಮಾಡಿಸ್ತೀವಿ, ಹಳೇ ತಾರೀಕಿಗೆ ಇನ್ನೊಂದ್ಸಲ ಸೈನ್ ಹಾಕು ಅಂದ್ರು. ಆವಾಗ ಕೇಳ್ದೆ, ನಾನು ಹಾಕೋ ಸೈನು ಏನಂತ ಹೇಳುತ್ತೆ ಅಂತ. ಅಲ್ಲಿನ ನರ್ಸಮ್ಮ ಮೆಲ್ಲಗೆ ಹೇಳಿದ್ಲು, ‘ಓದಿ ಹೇಳಿದ್ದನ್ನ ನಾನು ಕಂಡಿದೀನಿ ಅಂತ ಹೇಳುತ್ತೆ ಪಟಾಲಮ್ಮ’ ಅಂತ. ಯಾರೂ ಯಾರಿಗೂ ಏನೂ ಓದಿ ಹೇಳಿಲ್ಲ ಸಾರ್! ಬಾ ಇಲ್ಲಿ, ಹಾಕು, ಹೋಗು. ಅಷ್ಟೇ.”

ಬೈರಯ್ಯ ಅಷ್ಟರಲ್ಲಿ ಪಂಚನಾಮೆ ಬರೆದು ಮುಗಿಸಿ ಪೆನ್ನನ್ನು ಮಡಿವಾಳಪ್ಪನ ಕಡೆ ಚಾಚಿದ್ದ. “ಹಾಕು ಮಡಿವಾಳಪ್ಪ, ಇಲ್ಲೊಂದು, ಇಲ್ಲೊಂದು.”

“ಓದಿದ್ಯೇನಪ್ಪಾ?” ಪಟಾಲಮ್ಮ ಕೇಳಿದಳು.

“ನಮ್ ಬೈರಣ್ಣ ಬರೆದ್ಮೇಲೆ ಓದೋದೇನ್ ಬಂತು ಆಂಟಿ?”

“ನಾನೂ ಹಿಂಗೇ ಕಣಪ್ಪ. ಹಿಂಗೇ ಅಂದ್ಕೊಂಡು ಹನ್ನೊಂದು ಸಲ ಹಾಕ್ದೆ.”

ಮಡಿವಾಳಪ್ಪನ ಪೆನ್ನು ಹಾಳೆಯ ಮೇಲೇ ನಿಂತಿತು. ಕರಿಬಸಪ್ಪನ ಕಿವಿ ಬಿಸಿಯಾಯಿತು. ಈ ಟೀ ಅಂಗಡಿಯವನ ಸಹಿ ಹೊತ್ತ ಎಷ್ಟು ಕಾಗದಗಳನ್ನು ಅವನು ಕೋರ್ಟಿಗೆ ಕಳಿಸಿರಲಿಲ್ಲ! ಪಂಚನಾಮೆಯನ್ನು ಬೈರಯ್ಯನ ಕೈಯಿಂದ ಇಸಿದುಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದ. ಎರಡನೇ ಪುಟದಲ್ಲಿ ಮಡಿವಾಳಪ್ಪ ಕೈ ಎತ್ತಿದ.

“ಸಾರ್, ‘ಮನೆಯ ಹಿಂಬಾಗಿಲ ಪಕ್ಕದಲ್ಲಿ’ ಅಂದ್ರಲ್ಲ. ಈ ಮನೆಗೆ ಹಿಂಬಾಗಿಲೇ ಇಲ್ವಲ್ಲ?”

ಬೈರಯ್ಯ ತಲೆ ತುರಿಸಿಕೊಂಡ. “ಅದು ಹೋದ ತಿಂಗಳ ಸರದ ಕೇಸಿಂದು ಸಾರ್. ನೋಡ್ಕೊಂಡು ಬರೀತಿದ್ದೆ, ಬಂದ್ಬಿಡ್ತು.”

“ಹರಿದು ಹೊಸದಾಗಿ ಬರಿ. ಒಂದೊಂದು ಫೈಲು, ಒಂದೊಂದು ಪುಟ, ನಂಬರ್ ಹಾಕಿ.”

ಮೂರು ಗಂಟೆ ಹಿಡಿಯಿತು. ಹಾಲವ್ವನ ಒಂಬತ್ತನೇ ನಂಬರಿನ ಫೈಲಿನ 43ನೇ ಪುಟದಲ್ಲಿ ‘ಎರಡೂ ತೊಡೆಯಲ್ಲಿ ಕಪ್ಪು ಗಾಯ, ವಿಪರೀತ ನೋವು’ ಎಂದು ನರ್ಸ್ ಇಂಗ್ಲಿಷಿನಲ್ಲಿ ಬರೆದದ್ದನ್ನು ಯಾರೋ ಹೊಡೆದುಹಾಕಿ, ಮೇಲೆ ‘ಶುಗರ್ ಹುಣ್ಣು’ ಎಂದು ಬರೆದಿದ್ದರು. ಅದೂ ಪಂಚನಾಮೆಗೆ ಸೇರಿತು. ಮಡಿವಾಳಪ್ಪನೂ, ಎರಡನೇ ಪಂಚನಾಗಿ ಕರೆದ ಪಕ್ಕದ ಮನೆಯವನೂ ಪೂರ್ತಿ ಕೇಳಿದ ಮೇಲೆ ಸಹಿ ಹಾಕಿದರು.

ಸಂಜೆ 4.45ಕ್ಕೆ ಗಿರಿರಾಜ್ ಠಾಣೆಗೆ ಓಡಿಬಂದ. ಇಸ್ತ್ರಿ ಮುರಿದಿತ್ತು.

“ಸಾರ್, ಪಾಪ, ವಯಸ್ಸಾದ ಹೆಂಗಸು. ಕಂಪ್ಲೇಂಟ್ ವಾಪಸ್ ತಗೋತೀವಿ. ಫೈಲ್ ಕೊಟ್ಬಿಡಿ.”

“ಠಾಣೆಯಲ್ಲಿ ವಾಪಸ್ ತಗೊಳ್ಳೋ ಕೇಸಲ್ಲ ಇದು. ಜಪ್ತಿ ಮಾಲು ಕೋರ್ಟಿಗೆ ಹೋಗುತ್ತೆ. ಶುಕ್ರವಾರ ಬರೋರಿಗೆ ಪಂಚನಾಮೆ ನಕಲು ನಾನೇ ಕಳಿಸ್ತೀನಿ. ಆ ಹಳೇ ತಾರೀಕಿನ ಹೊಸ ಪೇಪರ್ ವಿಚಾರಕ್ಕೆ ನಿಮ್ಮನ್ನೂ ಕರೀತೀನಿ. ಊರು ಬಿಡಬೇಡಿ.”

ಗಿರಿರಾಜ್ ಪೊಲೀಸರ ಜೊತೆ ಜೀಪಿನಲ್ಲಿ ಬಂದು ಕೂತಿದ್ದ ಪಟಾಲಮ್ಮನ ಕಡೆ ತಿರುಗಿದ. “ಏನಮ್ಮಾ ಇದೆಲ್ಲ? ರಾಜಿ ಮಾಡ್ಕೊಳ್ಳೋಣ. ಕೆಲಸಕ್ಕೆ ಬಾ.”

“ನೆಲ ಒರೆಸೋಕೆ ಬರ್ಲಾ, ಸೈನ್ ಹಾಕೋಕೆ ಬರ್ಲಾ?” ಅವಳು ಬೆಂಚಿನಿಂದ ಏಳಲಿಲ್ಲ.

ಕೆಲಸದವರು ಯಜಮಾನರ ಮಾಲು ಕದ್ದರೆ ಭಾರತೀಯ ನ್ಯಾಯ ಸಂಹಿತೆ ಕಲಂ 306. ನೋಟಿಸ್ ಕೊಟ್ಟು ಮನೆಗೆ ಕಳಿಸುವುದಕ್ಕೆ ಕಾನೂನಿನಲ್ಲಿ ದಾರಿಯಿತ್ತು. ಕರಿಬಸಪ್ಪ ಅದನ್ನೇ ಹೇಳಿದ. ಪಟಾಲಮ್ಮ ಬೇಡವೆಂದು ತಲೆಯಾಡಿಸಿದಳು.

“ಬಿಟ್ರೆ ನಾಳೆ ಮತ್ತೆ ಕದೀತೀನಿ ಸಾರ್. ಇನ್ನೂ ನಲವತ್ತೊಂಬತ್ತು ಫೈಲ್ ಅವೆ ಅಲ್ಲಿ. ಆ ಮಾತ್ರೆ ಇವತ್ತೂ ನುಂಗ್ತಾ ಅವ್ರೆ. ನಿಮ್ಮ ಕೈಗೆ ಸಿಕ್ಕ ಕಾಗದ ಯಾರೂ ತಿದ್ದೋಕಾಗಲ್ಲ ಅಂತಾನೇ ಕದ್ದಿದ್ದು. ಅರೆಸ್ಟ್ ಮಾಡಿ.”

ಬೈರಯ್ಯ ನಗು ತಡೆಯಲು ಕೆಮ್ಮಿದ.

5.20ಕ್ಕೆ ಅರೆಸ್ಟ್ ಮೆಮೊ ತಯಾರಾಯಿತು. ಸುಮಾ ಪೆನ್ನು ಕೊಟ್ಟಳು. ಪಟಾಲಮ್ಮ ಕೈ ಚಾಚಲಿಲ್ಲ.

“ಓದಿ ಹೇಳಿ ಸಾರ್.”

ಕರಿಬಸಪ್ಪ ಎದ್ದು ನಿಂತು ಓದಿದ. ಹೆಸರು, ವಯಸ್ಸು, ಕಲಂ, ಸಮಯ. ಯಾವುದನ್ನೂ ಬಿಡಲಿಲ್ಲ. ಗಿರಿರಾಜನೂ ನಿಂತು ಕೇಳಬೇಕಾಯಿತು. ಓದಿ ಮುಗಿದ ಮೇಲೆ ಅವಳು ಪೆನ್ನು ಹಿಡಿದು, ನಾಲಿಗೆ ಕಚ್ಚಿಕೊಂಡು, ತನಗೆ ಬರುವ ನಾಲ್ಕು ಅಕ್ಷರಗಳನ್ನು ಒಂದರ ಪಕ್ಕ ಒಂದು ಕೂರಿಸಿದಳು. ಸುಮಾ ಅವಳನ್ನು ಕರೆದುಕೊಂಡು ವೈದ್ಯಕೀಯ ತಪಾಸಣೆಗೆ ಹೊರಟಳು.

ಕೇಸ್ ಡೈರಿ ತುಂಬುತ್ತಿದ್ದ ಬೈರಯ್ಯ ಒಂದು ಕಡೆ ತಡೆದ. “ಕಳ್ಳತನದ ಉದ್ದೇಶ ಏನಂತ ಬರೀಲಿ ಸಾರ್? ಯಾವಾಗ್ಲೂ ಹಾಕೋ ‘ಹಣದ ಆಸೆಗೆ’ ಅನ್ನೋದೇ ಹಾಕ್ಲಾ?”

“ಬೇಡ. ಅವರು ಹೇಳಿದ್ದು ಬರಿ. ಆರೋಪಿಯ ಸಹಿ ಇದ್ದ ಕಾಗದ ಅವರು ಕಾಣದ್ದನ್ನು ಕಂಡೆ ಅಂತ ಹೇಳ್ತಾ ಇತ್ತು. ಅದನ್ನ ವಾಪಸ್ ತಗೊಂಡ್ರು.”

ಬೈರಯ್ಯ ಬರೆದ. ಬರೆದದ್ದನ್ನು, ಯಾರೂ ಕೇಳದಿದ್ದರೂ, ಒಮ್ಮೆ ಗಟ್ಟಿಯಾಗಿ ಓದಿದ.