ಹೆಸರಿಲ್ಲದ ಕೋವಿ

ಕೊಕ್ಕರ್ಣೆಯ ರವಿರಾಜನಿಗೆ ಶಾಲು ಹೊದಿಸಿದ ಚಿತ್ರ ಪೇಪರಿನಲ್ಲಿ ಬಂದ ದಿನ, ಯತೀಶ್ ಕುಂದಾಪುರದ ತನ್ನ ಅಂಗಡಿಯಲ್ಲಿ ಕೂತು ಆ ಮುಖದ ಎರಡು ಕಣ್ಣುಗಳನ್ನೂ ಬಹಳ ಹೊತ್ತು ನೋಡಿದ. ಎರಡೂ ಚೆನ್ನಾಗಿದ್ದವು. ಚಿತ್ರದ ಕೆಳಗೆ ‘ಪಕ್ಷಿಪ್ರೇಮಿ ರವಿರಾಜ್‌ಗೆ ಸನ್ಮಾನ’ ಎಂದಿತ್ತು.

ಯತೀಶನ ಅಕ್ಕ ಹರಿಣಾಕ್ಷಿಗೆ ಇರುವುದು ಒಂದೇ ಕಣ್ಣು. 1991ರಲ್ಲಿ ಅವಳಿಗೆ ಹದಿನಾರು. ತಮ್ಮೂರಾದ ಕೋಡಿಯಿಂದ ಬಸ್ಸಿನಲ್ಲಿ ಮೀನು ತಂದು ಕೊಕ್ಕರ್ಣೆಯ ಮನೆಮನೆಗೆ ಮಾರುತ್ತಿದ್ದಳು. ರಜೆಯಾದ್ದರಿಂದ ಅವತ್ತು ಹತ್ತು ವರ್ಷದ ಯತೀಶನೂ ಜೊತೆಗಿದ್ದ. ಅವಳ ತಲೆಯ ಮೇಲಿನ ಬುಟ್ಟಿಯನ್ನು ಕಾಗೆಗಳು ಬೆನ್ನಟ್ಟಿದ್ದವು. ಜಗಲಿಯಲ್ಲಿ ನಿಂತಿದ್ದ ರವಿರಾಜ್ ನಗುತ್ತ ಗಾಳಿಕೋವಿ ಎತ್ತಿ ಕಾಗೆಗೆ ಗುರಿಯಿಟ್ಟ. ಗುಂಡು ಕಾಗೆಗೆ ತಾಗಲಿಲ್ಲ.

ಪಂಚಾಯ್ತಿಕೆಗೆ ಕೂತಾಗ ರವಿರಾಜನ ಅಪ್ಪ ಒಂದೇ ಮಾತು ಕೇಳಿದ್ದ: “ಕೋವಿಯಾ? ನಮ್ಮನೇಲ್ ಕೋವಿ ಎಲ್ಲಿತ್ತ್? ತೋರ್ಸಿ ಕಾಂಬ.”

ತೋರಿಸಲಾಗಲಿಲ್ಲ. ಅದು ಅಷ್ಟರಲ್ಲೇ ಸೀತಾನದಿಯ ತಳ ಸೇರಿರಬೇಕು. ಕಣ್ಣಿಗೆ ಮುಳ್ಳುಕಂಟಿ ಚುಚ್ಚಿದ್ದು ಎಂದು ತೀರ್ಮಾನವಾಯಿತು. ‘ತೋರ್ಸಿ’ ಎಂದ ಆ ಮಾತಿಗೆ ಉತ್ತರ ಕೊಡಲು ಯತೀಶನಿಗೆ ಮೂವತ್ತನಾಲ್ಕು ವರ್ಷ ಬೇಕಾಯಿತು.

ಹೊಲಿಗೆಯಂತ್ರದ ರಿಪೇರಿ ಅವನ ಕಸುಬು, ಗಾಳಿಕೋವಿ ಅವನ ಹುಚ್ಚು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಮನೆಯ ಮಂಗ ಓಡಿಸುವ ಕೋವಿ ಕೆಟ್ಟರೂ ಅವನ ಮೇಜಿಗೇ ಬರುತ್ತಿತ್ತು. ಸನ್ಮಾನದ ಚಿತ್ರ ಬಂದ ವರ್ಷವೇ ಮುಂಬೈಗೆ ಮದುವೆಗೆ ಹೋದಾಗ ಗುಜರಿ ಅಂಗಡಿಯೊಂದರಲ್ಲಿ ಅವನ ಕಾಲು ನಿಂತಿತು. ನಳಿಗೆ ಬಾಗಿಸಿ ಗುಂಡು ತುಂಬುವ ಕೋವಿ. ನಳಿಗೆಯ ಬುಡ ಎಂಟು ಮೂಲೆ, ಮುಂದಕ್ಕೆ ದುಂಡಗೆ. ಅವತ್ತು ಜಗಲಿಯಲ್ಲಿ ಕಂಡದ್ದೂ ಇದೇ ಜಾತಿ. ಇದರ ಮೈಮೇಲೆ ತಯಾರಕನ ಹೆಸರಿಲ್ಲ, ನಂಬರಿಲ್ಲ, ಒಂದು ಮುದ್ರೆಯೂ ಇಲ್ಲ. ಯಾರದೂ ಅಲ್ಲದ ಕೋವಿಯನ್ನು ಯಾರದಾದರೂ ಮಾಡಬಹುದು.

ಆದರೆ ಅದರ ವಯಸ್ಸು ಗೊತ್ತಾಗಬೇಕಿತ್ತು. 1991ಕ್ಕಿಂತ ಈಚಿನದಾದರೆ ಎಲ್ಲವೂ ವ್ಯರ್ಥ. ಅವನು ಹಿಡಿಯ ಮರ ಕಳಚಿ ನೋಡಿದ. ಪಿಸ್ಟನ್ನಿಗೆ ಚರ್ಮದ ವಾಷರು. ತಿರುಪುಗಳ ತಲೆಯಲ್ಲಿ ಒಂದೇ ಗೀರು, ಅದೂ ಕೈಯಲ್ಲಿ ಕೊರೆದಂತಿತ್ತು. ಹಳೆಯದೇ, ಆದರೆ ಎಷ್ಟು ಹಳೆಯದು? ವಿದೇಶಿ ಸಂಗ್ರಾಹಕರ ಒಂದು ಜಾಲತಾಣದಲ್ಲಿ ಸುಳ್ಳು ಹೆಸರಿನಿಂದ ಆರು ಫೋಟೊ ಹಾಕಿ ಕೇಳಿದ. ಎರಡು ದಿನದಲ್ಲಿ ಜರ್ಮನಿಯ ಮುದುಕನೊಬ್ಬ ಉತ್ತರಿಸಿದ. ಟ್ರಿಗರಿನ ಕಟ್ಟು, ನಳಿಗೆ ಬಿಗಿಹಿಡಿಯುವ ಪಕ್ಕದ ಕೊಂಡಿ ನೋಡಿದರೆ ಇದು ತಮ್ಮ ದೇಶದ್ದೇ, 1925ರಿಂದ 1932ರೊಳಗಿನದು. ವ್ಯಾಪಾರಿಗಳು ತಮ್ಮ ಹೆಸರು ಹೊಡೆದುಕೊಳ್ಳಲೆಂದು ಕಾರ್ಖಾನೆಯವರು ಇಂಥವನ್ನು ಖಾಲಿ ಬಿಡುತ್ತಿದ್ದರು ಎಂದು ಬರೆದಿದ್ದ. ಯತೀಶ್ ವಂದನೆ ಹೇಳಿದ, ಫೋಟೊ ಅಳಿಸಿದ, ಖಾತೆಯನ್ನೂ ಮುಚ್ಚಿದ.

ಉಳಿದದ್ದು ಸುಲಭ. ರವಿರಾಜನ ಹೆಂಡತಿಯ ಹೊಲಿಗೆಯಂತ್ರ ನಿಂತಿತ್ತು. ಅವಳೇ ಫೋನ್ ಮಾಡಿ ಕರೆದಳು. ನಾಲ್ಕು ತಿರುಪು ಬಿಚ್ಚಿದರೆ ಕೋವಿ ಹತಾರದ ಚೀಲದಲ್ಲಿ ಅಡಗುತ್ತಿತ್ತು. ಬೆಳಿಗ್ಗೆ ಏಳಕ್ಕೆ, ಅವರ ಮನೆಗೆ ಹೋಗುವ ಮೊದಲು, ಅವನು ಹಿಂದಿನ ಹಾಡಿಯ ಮರಗಳ ಮರೆಯಲ್ಲಿ ಅದನ್ನು ಜೋಡಿಸಿದ. ಗದ್ದೆಗೆ ಇಳಿದ ನವಿಲು ತಲೆ ಓರೆ ಮಾಡಿ ಅವನನ್ನು ಒಂದು ಕಣ್ಣಿನಲ್ಲಿ ನೋಡಿತು. ಅವನ ಬೆರಳು ಒಂದು ಕ್ಷಣ ತಡೆಯಿತು, ಆಮೇಲೆ ತಡೆಯಲಿಲ್ಲ.

ಹಕ್ಕಿಯನ್ನು ಕೊಟ್ಟಿಗೆಯ ಹಿಂದಿನ ತೆಂಗಿನ ಮಡಲಿನ ರಾಶಿಗೆ ತುರುಕಿದ. ಕೋವಿಯನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ಕೊಟ್ಟಿಗೆಯ ಅಟ್ಟದಲ್ಲಿ ಮಲಗಿಸಿ, ಅಲ್ಲಿದ್ದ ಧೂಳನ್ನೇ ಮೇಲೆ ಉದುರಿಸಿದ. ಯಂತ್ರವನ್ನೂ ಸರಿ ಮಾಡಿಕೊಟ್ಟ. ರವಿರಾಜ್ ತಾನೇ ಚಹಾ ತಂದುಕೊಟ್ಟು ಕೇಳಿದ: “ನಿಮ್ದ್ ಯಾವೂರಾಯ್ತ್?”

“ಕೋಡಿ.”

“ಹೌದಾ? ಒಳ್ಳೆ ಮೀನ್ ಸಿಕ್ಕುತ್ತಲ್ದಾ ಅಲ್ಲ್!”

ಇವನಿಗೆ ನೆನಪೇ ಇಲ್ಲ ಎಂಬುದು ಯತೀಶನಿಗೆ ಚಹಾಕ್ಕಿಂತ ಬಿಸಿಯಾಗಿ ಒಳಗಿಳಿಯಿತು. ಅದೇ ಮಧ್ಯಾಹ್ನ ಬೈಂದೂರಿಗೆ ಹೋಗಿ, ಅರಣ್ಯ ಇಲಾಖೆಗೆ ಎಡಗೈಯಲ್ಲಿ ಬರೆದ ಕಾಗದವನ್ನು ಅಲ್ಲಿನ ಅಂಚೆಡಬ್ಬಕ್ಕೆ ಹಾಕಿದ.

ಮೂರನೆಯ ದಿನ ಅರಣ್ಯ ಇಲಾಖೆಯವರು ರವಿರಾಜನನ್ನು ಕರೆದೊಯ್ದರು. ನವಿಲಿನ ತಲೆಯಲ್ಲಿದ್ದ ಐದೂವರೆ ಮಿಲಿಮೀಟರಿನ ಗುಂಡು ಅಟ್ಟದಲ್ಲಿ ಸಿಕ್ಕ ಕೋವಿಗೆ ಸರಿಹೊಂದಿತು. ಆ ಅಳತೆಯ ಕೋವಿಗೆ ಪರವಾನಗಿ ಬೇಕು, ಅದೂ ಇರಲಿಲ್ಲ. ಕೋವಿ ಯಾವ ಕಾಲದ್ದೆಂದು ಹೇಳಬಲ್ಲವರು ಯಾರು? ಅಧಿಕಾರಿ ಸ್ನೇಹಲತಾ ಅದನ್ನು ಬಟ್ಟೆಯಲ್ಲಿ ಸುತ್ತಿ, ಯತೀಶ್ ಎಣಿಸಿದ್ದಂತೆಯೇ, ಅವನ ಮೇಜಿನ ಮೇಲೆ ತಂದಿಟ್ಟರು. ಮೊದಲ ಸಲ ನೋಡುವವನಂತೆ ಅವನು ಅರ್ಧ ಗಂಟೆ ತಿರುಗಿಸಿ ತಿರುಗಿಸಿ ನೋಡಿ, ಎರಡು ಪುಟ ಬರೆದುಕೊಟ್ಟ. ಜರ್ಮನಿಯದು, 1925ರಿಂದ 32ರೊಳಗಿನದು. ಕೊನೆಗೆ, ಯಾರೂ ಕೇಳದಿದ್ದರೂ, ಇನ್ನೊಂದು ಸಾಲು ಸೇರಿಸಿದ: ‘ಇದು ಕನಿಷ್ಠ ನಲವತ್ತು ವರ್ಷದಿಂದ ಇದೇ ಅಟ್ಟದಲ್ಲಿ ಇದ್ದಿರಬೇಕು.’

ಆ ಸಾಲು ಪೇಪರಿಗೂ ಬಂತು. ಕೊಕ್ಕರ್ಣೆಯಲ್ಲಿ ಮುದುಕರು ಮೀನಿನ ಹುಡುಗಿಯನ್ನು ನೆನೆದರು. ಯತೀಶ್ ಪೇಪರು ಹಿಡಿದು ಕೋಡಿಗೆ ಓಡಿದ. ಹರಿಣಾಕ್ಷಿ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು.

“ಅಕ್ಕ, ಕೋವಿ ಸಿಕ್ತ್! ಇನ್ನ್ ಅವ ತಪ್ಪ್ಸ್‌ಕಂಬುಕಾತ್ತಿಲ್ಲ.”

ಅವಳು ಪೇಪರನ್ನು ಮುಖದ ಹತ್ತಿರ ಹಿಡಿದು ನಿಧಾನಕ್ಕೆ ಓದಿದಳು. “ಅವ ಜೈಲಿಗ್ ಹೋರೆ ನಂಗೆಂತ ಬಂತ್ ಮಾರಾಯ? ಆ ನವ್ಲ್ ಎಂತ ಮಾಡಿತ್ತ್, ಪಾಪ?” ಎಂದಳು.

ಅವನಿಗೆ ಸಿಟ್ಟು ಬಂತು. ಇವಳಿಗೆ ಏನೂ ಅರ್ಥವಾಗುವುದಿಲ್ಲ ಎಂದುಕೊಂಡು ತಿರುಗಿ ಬಂದ.

ಮರುವಾರ ಸ್ನೇಹಲತಾ ಮತ್ತೆ ಅಂಗಡಿಗೆ ಬಂದರು. “ನಿಮ್ ವರದಿ ಲಾಯ್ಕಿತ್ತ್. ಕೋರ್ಟಿಗೆ ಇನ್ನೊಬ್ರ್ ಮಾತೂ ಇರ್ಲಿ ಅಂದ್ಹೇಳಿ ಫೋಟೊ ತೆಗ್ದ್ ಹೊರ್ಗಿನೋರಿಗ್ ಕಳ್ಸಿದ್ದೆ. ಒಬ್ರ್ ಜರ್ಮನಿಯಿಂದ ಬರ್ದಿರ್, ಕಾಣಿ” ಎಂದು ಫೋನು ತೆರೆದರು.

ಮುದುಕ ಅದೇ ದೇಶ, ಅದೇ ವರ್ಷಗಳನ್ನು ಹೇಳಿದ್ದ. ಕೆಳಗೆ ಮತ್ತೆರಡು ಸಾಲಿದ್ದವು: ಹೆಸರಿಲ್ಲದ ಕೋವಿಯ ವಯಸ್ಸು ತಿಳಿಯುವುದು ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದಾಗ ಮಾತ್ರ, ಅದಕ್ಕೇ ಯಾರು ಕಳಿಸಿದ ಫೋಟೊವನ್ನೂ ನಾನು ಎತ್ತಿಡದೆ ಬಿಡುವುದಿಲ್ಲ, ಇದೇ ಕೋವಿಯ ಫೋಟೊ ನಾಲ್ಕು ತಿಂಗಳ ಹಿಂದೆಯೂ ನನ್ನ ಬಳಿ ಬಂದಿತ್ತು. ಆರೂ ಫೋಟೊ ಜೊತೆಗಿದ್ದವು. ಹಿಡಿಯ ಮೇಲಿನ ಗೀಚು ಅದೇ. ಉದ್ದ ತಿಳಿಯಲೆಂದು ಕೋವಿಯನ್ನು ಮೇಜಿನ ಅಂಚಿಗೆ ಮೊಳೆ ಹೊಡೆದ ಹಿತ್ತಾಳೆಯ ಅಳತೆಪಟ್ಟಿಯ ಪಕ್ಕದಲ್ಲಿ ಮಲಗಿಸಲಾಗಿತ್ತು. ಪಟ್ಟಿಯಲ್ಲಿ ಏಳು, ಎಂಟರ ಅಂಕಿಗಳು ಸವೆದು ಹೋಗಿದ್ದವು. ಸ್ನೇಹಲತಾ ಯತೀಶನ ಮುಂದಿದ್ದ ಪೇಪರನ್ನು ಪಕ್ಕಕ್ಕೆ ಸರಿಸಿದರು. ಫೋನನ್ನು ಅವನ ಮೇಜಿನ ಅಂಚಿನ ಹಿತ್ತಾಳೆಯ ಪಟ್ಟಿಯ ಮೇಲೆ, ಆರು ಮತ್ತು ಒಂಬತ್ತರ ನಡುವೆ, ಮೆಲ್ಲಗೆ ಇಟ್ಟರು.